ಎಂಸಿಬಿ ಇದ್ದರೂ ಆರ್‌ಸಿಸಿಬಿ ಯಾಕೆ ಬೇಕು?

ಎಂಸಿಬಿ ಅಂದರೆ ಕರೆಂಟು ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್. ಅದು ಕಾಯುವುದು ವೈರನ್ನು, ಮನುಷ್ಯರನ್ನಲ್ಲ. ಓವರ್‌ಲೋಡ್ ಆದರೆ ಒಳಗಿನ ಲೋಹದ ಪಟ್ಟಿ ಬಿಸಿಯಾಗಿ ಬಾಗಿ ಟ್ರಿಪ್ ಮಾಡುತ್ತದೆ, ಅಂದರೆ ಸ್ವಿಚ್ ಬಿದ್ದು ಕರೆಂಟು ಕಡಿಯುತ್ತದೆ. ಶಾರ್ಟ್ ಆದರೆ ಒಳಗಿನ ಕಾಯಿಲ್ ಅಯಸ್ಕಾಂತವಾಗಿ ತಕ್ಷಣ ಸ್ವಿಚ್ ಬೀಳಿಸುತ್ತದೆ. ‘ಬಿ’ ಮಾದರಿ ರೇಟಿಂಗ್‌ನ 3–5 ಪಟ್ಟು ಕರೆಂಟಿಗೆ, ‘ಸಿ’ ಮಾದರಿ 5–10 ಪಟ್ಟಿಗೆ ತಕ್ಷಣ ಬೀಳುತ್ತದೆ. ಮೋಟರ್ ಇರುವ ಲೈನಿಗೆ ‘ಸಿ’ ಸೂಕ್ತ. ಪದೇಪದೇ ಬೀಳುತ್ತದೆಂದು 16 ಆಂಪಿಯರ್ ತೆಗೆದು 32 ಹಾಕುವುದು ಶುದ್ಧ ಅವಿವೇಕ: ಎಂಸಿಬಿ ಸುಮ್ಮನಿರುತ್ತದೆ, ಗೋಡೆಯೊಳಗೆ ವೈರು ಕರಗುತ್ತದೆ.

ಶಾಕ್‌ನಿಂದ ಕಾಪಾಡುವುದು ಆರ್‌ಸಿಸಿಬಿ. ಫೇಸ್‌ನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಅಷ್ಟೇ ವಾಪಸ್ ಬಂತೇ ಎಂದು ಅದು ನೋಡುತ್ತದೆ. ಕಡಿಮೆ ಬಂದರೆ ಎಲ್ಲೋ ಸೋರುತ್ತಿದೆ ಎಂದು ಬೀಳುತ್ತದೆ. ಮನೆಗೆ 30 ಮಿಲಿಆಂಪಿಯರ್ ಸೋರಿಕೆಗೆ ಬೀಳುವಂಥದು ಇರಲಿ. 100, 300ರವು ಬೆಂಕಿ ತಡೆಯಲಷ್ಟೇ. ಓವರ್‌ಲೋಡ್ ಇದಕ್ಕೆ ತಿಳಿಯದು, ಹಾಗಾಗಿ ಎಂಸಿಬಿಯೂ ಬೇಕು. ಎರಡೂ ಒಂದರಲ್ಲೇ ಬೇಕೆಂದರೆ ಆರ್‌ಸಿಬಿಒ. ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಮುಟ್ಟಿದರೆ ಮಾತ್ರ ಯಾವುದೂ ಕಾಪಾಡದು.

ಆರ್‌ಸಿಸಿಬಿ ಬಿದ್ದರೆ ಎಲ್ಲ ಎಂಸಿಬಿ ಆಫ್ ಮಾಡಿ, ಅದನ್ನು ಎತ್ತಿ, ಎಂಸಿಬಿಗಳನ್ನು ಒಂದೊಂದಾಗಿ ಆನ್ ಮಾಡಿ. ಯಾವುದಕ್ಕೆ ಬಿತ್ತೋ ಆ ಲೈನಿನ ಪ್ಲಗ್‌ಗಳನ್ನೆಲ್ಲ ಕಿತ್ತು ಮತ್ತೆ ನೋಡಿ. ಗೀಸರ್ ಕಾಯಿಲ್‌ನ ಲೀಕೇಜೇ ಹೆಚ್ಚು. ಎಲ್ಲ ಆಫ್ ಇದ್ದರೂ ನಿಲ್ಲದಿದ್ದರೆ ನ್ಯೂಟ್ರಲ್ ಎಲ್ಲೋ ಅರ್ಥ್‌ಗೆ ತಾಗಿರಬಹುದು. ಸಿಂಗಲ್ ಪೋಲ್ ಎಂಸಿಬಿ ಫೇಸ್ ಮಾತ್ರ ಕಡಿಯುತ್ತದೆ, ನ್ಯೂಟ್ರಲ್ ಕಡಿಯುವುದಿಲ್ಲವಲ್ಲ. ಅದನ್ನು ಹುಡುಕುವುದು ಎಲೆಕ್ಟ್ರಿಷಿಯನ್ ಕೆಲಸ.

ಆರ್‌ಸಿಸಿಬಿಯ ‘ಟಿ’ (ಟೆಸ್ಟ್) ಬಟನ್ ಆಗಾಗ ಒತ್ತಿ. ಒತ್ತಿದಾಗ ಬೀಳದ ಆರ್‌ಸಿಸಿಬಿಯನ್ನು ಬದಲಿಸಿ. ಸಿಡಿಲಿನಿಂದ ವೋಲ್ಟೇಜ್ ದಿಢೀರ್ ಏರುವುದನ್ನು (ಸರ್ಜ್) ತಡೆಯಲು ಎಸ್‌ಪಿಡಿ ಎಂಬ ಬೇರೆ ಸಾಧನವಿದೆ. ಅರ್ಥ್ ಸರಿಯಿಲ್ಲದಿದ್ದರೆ ಅದು ದಂಡ.