ಒಂದು ಲಾಗ್‌ಲೈನ್ ತಿದ್ದಿದ ಬಗೆ

ಸಿನಿಮಾದ ಕಥೆ ಏನೆಂದು ಕೆಲವೇ ಮಾತಿನಲ್ಲಿ ಹೇಳುವ ಲಾಗ್‌ಲೈನನ್ನು ಚಿತ್ರಕಥೆ ಮುಗಿದ ಮೇಲೆ ಬರೆಯುವವರೇ ಹೆಚ್ಚು. ನಿರ್ಮಾಪಕರು ಕೇಳಿದ್ದಾರೆ, ಸ್ಪರ್ಧೆಯ ಅರ್ಜಿಯಲ್ಲಿ ಅದಕ್ಕೊಂದು ಜಾಗ ಬಿಟ್ಟಿದ್ದಾರೆ ಅಂತ ಕೊನೇ ಗಳಿಗೆಯಲ್ಲಿ ಕೂತು ನೂರು ಪುಟವನ್ನು ಎರಡು ವಾಕ್ಯಕ್ಕೆ ಹಿಂಡುತ್ತಾರೆ. ನಾನು ಮೊದಲ ದೃಶ್ಯಕ್ಕೂ ಮುಂಚೆ ಬರೆದುಕೊಳ್ಳುತ್ತೇನೆ. ಯಾರಿಗೂ ತೋರಿಸಲಿಕ್ಕಲ್ಲ, ಕಥೆಯನ್ನು ಪರೀಕ್ಷೆ ಮಾಡಲಿಕ್ಕೆ. ಎಲ್ಲಿ ಟೊಳ್ಳಿದೆ ಅನ್ನುವುದು ಈ ಎರಡು ವಾಕ್ಯದಲ್ಲಿ ಸಿಕ್ಕಿಬೀಳುವಷ್ಟು ಬೇಗ ಬೇರೆಲ್ಲೂ ಸಿಕ್ಕಿಬೀಳುವುದಿಲ್ಲ.

ಅದರಲ್ಲಿ ಏನೇನಿರಬೇಕು ಅನ್ನುವುದು ಬಹುತೇಕ ಎಲ್ಲರಿಗೂ ಗೊತ್ತಿರುವ ವಿಷಯವೇ. ಯಾರ ಕಥೆ, ಅವರಿಗೆ ಏನಾಯಿತು, ಈಗ ಅವರು ಏನು ಮಾಡಲೇಬೇಕು, ಅಡ್ಡ ಬರುವುದು ಯಾವುದು, ಆಗದಿದ್ದರೆ ಕಳೆದುಕೊಳ್ಳುವುದು ಏನು. ಪಾತ್ರದ ಹೆಸರು ಬೇಡ. ಹೆಸರಿನಿಂದ ಓದುವವರಿಗೆ ಏನೂ ತಿಳಿಯುವುದಿಲ್ಲ, ವೃತ್ತಿ ಮತ್ತು ಸ್ಥಿತಿಯಿಂದ ತಿಳಿಯುತ್ತದೆ. ಕೊನೆ ಹೇಳುವಂತಿಲ್ಲ, ಅದು ಕಥೆಯನ್ನು ಪೂರ್ತಿ ಹೇಳುವ ಸಿನಾಪ್ಸಿಸ್‌ನ ಕೆಲಸ. ಪೋಸ್ಟರ್ ಮೇಲೆ ಹಾಕುವ ಟ್ಯಾಗ್‌ಲೈನ್ ಬೇರೆ, ಇದು ಬೇರೆ. ಇಷ್ಟು ಗೊತ್ತಿದ್ದೂ ಬರೆಯಲು ಕೂತರೆ ಕೈ ಓಡುವುದಿಲ್ಲ. ಹಾಗಾಗಿ ಒಂದನ್ನು ಬಿಡಿಸಿಯೇ ತೋರಿಸುತ್ತೇನೆ.

ನಾನು ಬರೆಯುತ್ತಿರುವ ಒಂದು ಥ್ರಿಲ್ಲರ್. ತಲೆಯಲ್ಲಿ ಇದ್ದದ್ದು ಸನ್ನೆ ಭಾಷೆಯ ದುಭಾಷಿ, ಒಂದು ಕೋರ್ಟು, ಒಂದು ಸುಳ್ಳು. ಮೊದಲು ಕಾಗದಕ್ಕೆ ಇಳಿದದ್ದು ಇದು:

'ಸತ್ಯ ಮತ್ತು ರಕ್ತಸಂಬಂಧದ ನಡುವೆ ಸಿಕ್ಕಿಕೊಂಡ ಹೆಣ್ಣೊಬ್ಬಳು ತನ್ನನ್ನು ತಾನು ಕಂಡುಕೊಳ್ಳುವ ಕಥೆ.'

ಮೊದಲ ಸಲ ಬರುವುದು ಯಾವಾಗಲೂ ಹೀಗೇ. ಇದರಲ್ಲಿ ಕ್ಯಾಮೆರಾ ಇಡಲು ಜಾಗವಿಲ್ಲ. ಸತ್ಯವನ್ನು ಶೂಟ್ ಮಾಡಲು ಬರುವುದಿಲ್ಲ, ಸಂಬಂಧವನ್ನೂ ಬರುವುದಿಲ್ಲ. 'ಕಂಡುಕೊಳ್ಳುತ್ತಾಳೆ', 'ಹೋರಾಡುತ್ತಾಳೆ', 'ಎದುರಿಸುತ್ತಾಳೆ' ಅನ್ನುವ ಕ್ರಿಯಾಪದಗಳನ್ನು ನಾನು ಕಂಡಲ್ಲೇ ಹೊಡೆದುಹಾಕುತ್ತೇನೆ. ಇಂಥ ಸಾಲನ್ನು ಬೇರೆ ಹತ್ತು ಸಿನಿಮಾಕ್ಕೆ ಅಂಟಿಸಿದರೂ ಹೊಂದಿಕೊಳ್ಳುತ್ತದೆ, ಅಂದರೆ ಅದು ನನ್ನ ಸಿನಿಮಾದ್ದಲ್ಲ. ಥೀಮ್ ನನಗೆ ಗೊತ್ತಿದ್ದರೆ ಸಾಕು, ಈ ಸಾಲಿನಲ್ಲಿ ಅದಕ್ಕೆ ಕೆಲಸವಿಲ್ಲ.

ಕಣ್ಣಿಗೆ ಕಾಣುವುದನ್ನಷ್ಟೇ ಇಟ್ಟುಕೊಂಡು ಮತ್ತೆ ಬರೆದಾಗ:

'ಕೊಲೆಗೆ ಸಾಕ್ಷಿಯಾದ ಕಿವುಡ ಬಾಲಕಿಯ ಮಾತನ್ನು ಕೋರ್ಟಿಗೆ ತಿಳಿಸುವ ದುಭಾಷಿ, ಕೊಲೆಗಾರ ತನ್ನ ತಮ್ಮನೇ ಎಂದು ಗೊತ್ತಾದಾಗ ನಿಜ ಹೇಳಬೇಕೋ ಸುಳ್ಳು ಹೇಳಬೇಕೋ ಎಂದು ನಿರ್ಧರಿಸಬೇಕು.'

ಕೇಳಿದವರೆಲ್ಲ ಚೆನ್ನಾಗಿದೆ ಎಂದರು. ವ್ಯಂಗ್ಯವಿದೆ: ಮಾತನ್ನು ದಾಟಿಸುವುದೇ ಯಾರ ಕೆಲಸವೋ ಅವಳೇ ಮಾತಿಗೆ ಅಡ್ಡ ನಿಲ್ಲಬೇಕು. ಒಳ್ಳೆಯ ಲಾಗ್‌ಲೈನಿನಲ್ಲಿ ನಾನು ಮೊದಲು ಹುಡುಕುವುದು ಈ ತಿರುವನ್ನೇ. ಈ ಕೆಲಸಕ್ಕೆ ಇವನಷ್ಟು ತಕ್ಕವನಿಲ್ಲ ಅಥವಾ ಇವನಷ್ಟು ಒಗ್ಗದವನಿಲ್ಲ ಅನಿಸಬೇಕು, ಎರಡರಲ್ಲಿ ಒಂದು. ಆದರೂ ಈ ಸಾಲಿನ ಮೇಲೆ ನಾನು ಚಿತ್ರಕಥೆ ಶುರು ಮಾಡಲಿಲ್ಲ. ನಿರ್ಧರಿಸುವುದು ಒಂದು ದೃಶ್ಯದ ಕೆಲಸ. ಹುಡುಗಿ ಸನ್ನೆ ಮಾಡುತ್ತಾಳೆ, ಇವಳು ಒಂದು ಕ್ಷಣ ತಡೆಯುತ್ತಾಳೆ, ಬಾಯಿ ತೆರೆಯುತ್ತಾಳೆ, ಮುಗಿಯಿತು. ಅದು ಮೊದಲ ಅಂಕದ ಕೊನೆ. ಉಳಿದ ಒಂದೂವರೆ ಗಂಟೆ ಅವಳೇನು ಮಾಡುತ್ತಾಳೆ? ನಾನು ಓದಿರುವ ಹೊಸಬರ ಲಾಗ್‌ಲೈನುಗಳಲ್ಲಿ ಹೆಚ್ಚಿನವು ನಿಲ್ಲುವುದು ಇಲ್ಲೇ. 'ನಿರ್ಧರಿಸಬೇಕು', 'ಆಯ್ಕೆ ಮಾಡಿಕೊಳ್ಳಬೇಕು' ಎಂದು ಸಾಲು ಮುಗಿದರೆ ಎರಡನೇ ಅಂಕ ಇನ್ನೂ ಹುಟ್ಟಿಲ್ಲ ಅಂತಲೇ ಲೆಕ್ಕ.

ಹಾಗಾಗಿ ಅವಳು ಸುಳ್ಳು ಹೇಳಿಯೇಬಿಟ್ಟಳು ಎಂದು ಇಟ್ಟುಕೊಂಡೆ. ಸುಳ್ಳಿಗೆ ಬಲಿಯೊಂದು ಬೇಕು. ನಿರಪರಾಧಿಯೊಬ್ಬ ಒಳಗೆ ಹೋಗುತ್ತಾನೆ. ಅವನನ್ನು ಬಿಡಿಸಬೇಕು ಅನ್ನುವುದು ಗುರಿಯಾಯಿತು, ತಮ್ಮನ ಹೆಸರು ಬರಬಾರದು ಅನ್ನುವುದು ಕಟ್ಟು. ಆದರೆ ಅವಸರ ಎಲ್ಲಿಂದ? ತೀರ್ಪಿನ ದಿನಾಂಕ ಇಡಬಹುದಿತ್ತು, ಎಲ್ಲರೂ ಅದನ್ನೇ ಇಡುತ್ತಾರೆ. ಅಷ್ಟರಲ್ಲಿ ಎಡವಟ್ಟು ಪ್ರಶ್ನೆಯೊಂದು ಎದ್ದಿತು: ಹುಡುಗಿ ಕಂಡದ್ದನ್ನು ಬರೆದುಕೊಡಬಹುದಲ್ಲ, ದುಭಾಷಿ ಯಾಕೆ ಬೇಕು? ಬರೆಯಲು ಬಾರದು ಎನ್ನದೆ ಬೇರೆ ದಾರಿಯಿರಲಿಲ್ಲ. ಹಾಗೆಂದ ಕೂಡಲೇ ಅವಸರ ಹುಟ್ಟಿಸುವ ಗಡಿಯಾರ ತಾನಾಗೇ ಸಿಕ್ಕಿತು. ಅವಳು ಯಾವತ್ತಾದರೂ ಒಂದು ದಿನ ಬರೆಯಲು ಕಲಿತೇ ಕಲಿಯುತ್ತಾಳೆ. ಲಾಗ್‌ಲೈನ್ ಬರೆಯದೆ ನೇರ ಚಿತ್ರಕಥೆಗೆ ಇಳಿದಿದ್ದರೆ ಈ ಪ್ರಶ್ನೆ ಅರವತ್ತನೇ ಪುಟದಲ್ಲಿ ಎದುರಾಗುತ್ತಿತ್ತು.

'ಕೊಲೆಯೊಂದರ ಏಕೈಕ ಸಾಕ್ಷಿ, ಓದುಬರಹ ಬಾರದ ಕಿವುಡ ಬಾಲಕಿ. ಆಕೆಯ ಸನ್ನೆಯನ್ನು ಕೋರ್ಟಿಗೆ ತಿಳಿಸಬೇಕಾದ ದುಭಾಷಿ, ತಮ್ಮನನ್ನು ಉಳಿಸಲು ಅದನ್ನು ತಿರುಚುತ್ತಾಳೆ. ಹುಡುಗಿ ಬರೆಯಲು ಕಲಿಯುವುದರೊಳಗೆ, ತನ್ನ ಸುಳ್ಳಿನಿಂದ ಜೈಲು ಸೇರಿದ ನಿರಪರಾಧಿಯನ್ನು ತಮ್ಮನ ಹೆಸರು ಹೊರಬೀಳದಂತೆ ಬಿಡಿಸಬೇಕು.'

ಇದರಲ್ಲಿ ಇಲ್ಲದ್ದನ್ನೂ ಗಮನಿಸಿ. ಹುಡುಗಿ ಕೊಲೆಗಾರನನ್ನು ಗುರುತಿಸುವುದು ಅವನ ಎಡಗೈ ಮೇಲಿನ ಸುಟ್ಟ ಕಲೆಯಿಂದ. ಆ ಕಲೆ ಹೇಗಾಯಿತು ಎನ್ನುವುದಕ್ಕೆ ಅಕ್ಕನ ಕಡೆಯಿಂದ ಒಂದು ಹಳೆಯ ಕಥೆಯಿದೆ, ನನಗೆ ತುಂಬಾ ಇಷ್ಟವಾದದ್ದು. ಎರಡೂ ಹೊರಗೆ. ತೆಗೆದರೂ ಸಾಲು ನಿಲ್ಲುತ್ತದೆ ಎಂದಾದರೆ ತೆಗೆಯಬೇಕಾದದ್ದೇ.

ಉದ್ದದ ವಿಚಾರಕ್ಕೆ ಬಂದರೆ, ಇಂಗ್ಲಿಷಿನಲ್ಲಿ 25ರಿಂದ 35 ಪದ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಕನ್ನಡದಲ್ಲಿ ಒಂದೇ ಪದಕ್ಕೆ ವಿಭಕ್ತಿ, ಕಾಲ, ಲಿಂಗ ಎಲ್ಲ ಅಂಟಿಕೊಂಡು ಬರುವುದರಿಂದ 35 ಪದ ಅಂದರೆ ಆಗಲೇ ಭಾರ. ಮೇಲಿನದು 28. ಅದಕ್ಕಿಂತ ದೊಡ್ಡ ತೊಡಕು ವಾಕ್ಯದ ಕಟ್ಟಿನದು. ನಮ್ಮಲ್ಲಿ ವಿಶೇಷಣವೆಲ್ಲ ನಾಮಪದಕ್ಕೆ ಮುಂಚೆ ಬರಬೇಕು. 'ಮಗನನ್ನು ಕಳೆದುಕೊಂಡು ಕೆಲಸ ಬಿಟ್ಟು ಊರು ಸೇರಿದ ಮಾಜಿ...' ಎಂದು ಹೊರಟರೆ ಯಾರ ಕಥೆ ಎಂದು ತಿಳಿಯುವಷ್ಟರಲ್ಲಿ ಓದುವವನ ತಾಳ್ಮೆ ಮುಗಿದಿರುತ್ತದೆ. ನಾನು ಒಂದು ನಾಮಪದಕ್ಕೆ ಒಂದೇ ವಿಶೇಷಣದ ಸರ ಕಟ್ಟುತ್ತೇನೆ. ಹೆಚ್ಚಾದರೆ ವಾಕ್ಯವನ್ನೇ ಒಡೆಯುತ್ತೇನೆ. ಮೇಲೆ ಸಾಕ್ಷಿಗೇ ಒಂದು ಪುಟ್ಟ ವಾಕ್ಯ ಕೊಟ್ಟದ್ದು ಅದಕ್ಕೇ. ಒಟ್ಟಿಗೆ ಸೇರಿಸಿದ್ದಾಗ 'ತನ್ನ ತಮ್ಮ' ಎಂದರೆ ಹುಡುಗಿಯ ತಮ್ಮನೋ ದುಭಾಷಿಯ ತಮ್ಮನೋ ಗೊತ್ತಾಗುತ್ತಿರಲಿಲ್ಲ. ಆದರೆ ಕ್ರಿಯಾಪದ ಕೊನೆಗೆ ಬರುವುದರಿಂದ ಲಾಭವೂ ಇದೆ. ಪಾತ್ರ ಮಾಡಬೇಕಾದ ಕೆಲಸ ವಾಕ್ಯದ ತುದಿಯಲ್ಲಿ ಬಂದು ಬೀಳುತ್ತದೆ, ಕಿವಿಯಲ್ಲಿ ಉಳಿಯುವುದೂ ಅದೇ. ಅಲ್ಲಿ ಸಪ್ಪೆ ಕ್ರಿಯಾಪದ ಇಟ್ಟರೆ ಇಡೀ ಸಾಲು ಸಪ್ಪೆ.

ಕಾಗದದ ಮೇಲೆ ಸರಿಯಾದದ್ದು ಬಾಯಲ್ಲಿ ಸರಿಯಾಗಿರುತ್ತದೆ ಎಂದೇನಿಲ್ಲ. ಸಿನಿಮಾದವರಲ್ಲದ ಯಾರಿಗಾದರೂ ಹೇಳಿ ಸುಮ್ಮನಾಗುತ್ತೇನೆ. 'ಆಮೇಲೆ?' ಎಂದರೆ ನಡೆಯುತ್ತದೆ. 'ಅಂದರೆ?' ಎಂದರೆ ವಾಪಸ್ ಮೇಜಿಗೆ. 'ಚೆನ್ನಾಗಿದೆ' ಎಂಬ ಮೆಚ್ಚುಗೆಯಿಂದ ನನಗೇನೂ ತಿಳಿಯುವುದಿಲ್ಲ.

ಇಷ್ಟೆಲ್ಲ ಯಾಕೆ ಎಂದರೆ, ಹಾಲಿವುಡ್ ಸ್ಟುಡಿಯೋಗಳಲ್ಲಿ ಚಿತ್ರಕಥೆಯನ್ನು ಮೊದಲು ಓದುವವರು ರೀಡರ್‌ಗಳು. ಅವರು ಬರೆಯುವ ಕವರೇಜ್ ವರದಿಯಲ್ಲಿ ಲಾಗ್‌ಲೈನ್, ಸಾರಾಂಶ, ಅಭಿಪ್ರಾಯ ಇರುತ್ತವೆ. ಆ ಲಾಗ್‌ಲೈನನ್ನು ಅವರು ತಮ್ಮ ಮಾತಿನಲ್ಲೇ ಬರೆಯುತ್ತಾರೆ. ಮೇಲಿನವರ ಕಣ್ಣಿಗೆ ಬೀಳುವುದು ಅದು. ಕಥೆಯ ಎಲುಬು ನಮಗೇ ಸ್ಪಷ್ಟವಿಲ್ಲದಿದ್ದರೆ ರೀಡರ್ ತನಗೆ ತೋಚಿದ ಎಲುಬು ಹಾಕುತ್ತಾನೆ. ಅಭ್ಯಾಸಕ್ಕೆ ನಾನು ಬ್ಲ್ಯಾಕ್ ಲಿಸ್ಟ್ ಓದುತ್ತೇನೆ. ಇನ್ನೂ ಚಿತ್ರವಾಗದ, ಆದರೆ ಅಲ್ಲಿನ ಉದ್ಯಮದವರಿಗೆ ಹಿಡಿಸಿದ ಚಿತ್ರಕಥೆಗಳ ಈ ವಾರ್ಷಿಕ ಪಟ್ಟಿಯನ್ನು ಫ್ರ್ಯಾಂಕ್ಲಿನ್ ಲಿಯೊನಾರ್ಡ್ 2005ರಲ್ಲಿ ಶುರು ಮಾಡಿದರು. ಹೆಸರಿನ ಜೊತೆ ಲಾಗ್‌ಲೈನೂ ಇರುತ್ತದೆ. ಅಲ್ಲಿಯೂ ಎಲ್ಲವೂ ಚೆನ್ನಾಗಿರುವುದಿಲ್ಲ, ಅದು ಸಮಾಧಾನದ ವಿಷಯ.

ಐಡಿಯಾ ಕದಿಯುತ್ತಾರೆಂದು ಲಾಗ್‌ಲೈನನ್ನೇ ಮಬ್ಬು ಮಾಡಿ ಕಳಿಸುವವರಿದ್ದಾರೆ. ಕಾಪಿರೈಟ್ ಸಿಗುವುದು ಬರೆದ ರೂಪಕ್ಕೆ, ಬರೀ ಐಡಿಯಾಕ್ಕಲ್ಲ. ಹಾಗಾಗಿ ಚಿತ್ರಕಥೆ ಬರೆದು ನೋಂದಾಯಿಸಿ; ಲಾಗ್‌ಲೈನನ್ನು ಸ್ಪಷ್ಟವಾಗಿಯೇ ಕಳಿಸಿ.

ಚಿತ್ರಕಥೆ ಸಾಗಿದಂತೆ ಲಾಗ್‌ಲೈನೂ ಬದಲಾಗುತ್ತದೆ. ನನ್ನ ಥ್ರಿಲ್ಲರಿನಲ್ಲಿ ಬರೆಯುತ್ತ ಬರೆಯುತ್ತ ಗೊತ್ತಾದದ್ದು, ಆ ಹುಡುಗಿಗೆ ಅಕ್ಷರ ಕಲಿಸಬಲ್ಲವಳು ಸುತ್ತಮುತ್ತ ದುಭಾಷಿಯೊಬ್ಬಳೇ. ಈಗ ಮೂರನೇ ವಾಕ್ಯದಲ್ಲಿ 'ಹುಡುಗಿ ಬರೆಯಲು ಕಲಿಯುವುದರೊಳಗೆ' ಇದ್ದ ಜಾಗದಲ್ಲಿ 'ತಾನೇ ಅಕ್ಷರ ಕಲಿಸುತ್ತಿರುವ ಹುಡುಗಿ ನಿಜ ಬರೆಯುವುದರೊಳಗೆ' ಎಂದಿದೆ. ಮೂರು ಪದ ಹೆಚ್ಚಾಗಿದೆ, ಎಲ್ಲಿ ಕಡಿಮೆ ಮಾಡಬೇಕೆಂದು ಇನ್ನೂ ನೋಡುತ್ತಿದ್ದೇನೆ.