ಮುತ್ತಾತನ ಪದಕದ ಅಂಚು ನೋಡಿದ್ದೀರಾ?

ಮನೆಯಲ್ಲಿ ಒಂದನೇ ಮಹಾಯುದ್ಧದ ಪದಕ ಇದೆಯಾ? ಹೊಳಪು ಬರಲಿ ಅಂತ ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಮೊದಲು ಅಂಚು ನೋಡಿ. ಬೆಳ್ಳಿ ಪದಕದ ಅಂಚಿನ ಮೇಲೆ ಸಾಮಾನ್ಯವಾಗಿ ಸೈನಿಕನ ನಂಬರ್, ಹುದ್ದೆ, ಹೆಸರು, ಪಡೆ ಎಲ್ಲ ಇರುತ್ತದೆ. ಟಾರ್ಚ್ ಓರೆಯಾಗಿ ಹಿಡಿದರೆ ಸವೆದ ಅಕ್ಷರವೂ ಕಾಣುತ್ತದೆ.

ಅಲ್ಲಿ ಮೈಸೂರು ಲ್ಯಾನ್ಸರ್ಸ್ (ಮೈಸೂರು ಸಂಸ್ಥಾನದ ಕುದುರೆ ಪಡೆ) ಅಂತಿದ್ದರೆ ಅರ್ಧ ಕೆಲಸ ಆದ ಹಾಗೆ. ಒಬ್ಬೊಬ್ಬ ಸವಾರನ ಕಡತ ಹುಡುಕುತ್ತಾ ಸುಮ್ನೆ ಕೂರಬೇಡಿ, ಸಿಗುವುದು ಕಷ್ಟ. ಪಡೆಯ ಪ್ರಯಾಣ ಹಿಡಿದು ಹೋಗಿ. ಪಡೆ ಹೋದ ಕಡೆ ಸವಾರನೂ ಹೋಗಿರುತ್ತಾನೆ, ಅಲ್ವಾ? ಗಾಯವಾಗಿ ಆಸ್ಪತ್ರೆಯಲ್ಲಿದ್ದರೆ ಮಾತ್ರ ಲೆಕ್ಕ ತಪ್ಪುತ್ತದೆ.

ಇದಕ್ಕೆ ಬೇಕಾದದ್ದು ವಾರ್ ಡೈರಿ. ಇದು ಯುದ್ಧಭೂಮಿಯಲ್ಲೇ ಬರೆದಿಟ್ಟ ದಿನಚರಿ: ತಾರೀಕು, ಜಾಗ, ಆ ದಿನ ಏನಾಯಿತು. ಲಂಡನ್ನಿನ ಕ್ಯೂ (Kew) ಅನ್ನೋ ಜಾಗದಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಡಬ್ಲ್ಯೂಒ 95 (WO 95) ಅನ್ನೋ ಸರಣಿಯಲ್ಲಿದೆ. ಕ್ಯಾಟಲಾಗ್ ಹುಡುಕಲು ದುಡ್ಡು ಬೇಡ. ಪಡೆಯ ಹೆಸರಲ್ಲಿ ಸಿಗದಿದ್ದರೆ 15ನೇ ಇಂಪೀರಿಯಲ್ ಸರ್ವಿಸ್ ಕ್ಯಾವಲ್ರಿ ಬ್ರಿಗೇಡ್ ಅಂತ ಹುಡುಕಿ. ನಮ್ಮ ಲ್ಯಾನ್ಸರ್ಸ್ ಇದ್ದದ್ದು ಅದರಲ್ಲೇ.

ಅವರ ಪ್ರಯಾಣ ಹೀಗಿತ್ತು: 1914ರಲ್ಲಿ ಹಡಗು ಹತ್ತಿ ಈಜಿಪ್ಟ್‌ಗೆ, ಸುಯೆಜ್ ಕಾಲುವೆ ಕಾವಲು, 1918ರ ಸೆಪ್ಟೆಂಬರ್ 23ಕ್ಕೆ ಈಗಿನ ಇಸ್ರೇಲಿನ ಹೈಫಾದಲ್ಲಿ ಕಾಳಗ, ಅಕ್ಟೋಬರ್ 26ಕ್ಕೆ ಸಿರಿಯಾದ ಅಲೆಪ್ಪೊ ಹತ್ತಿರದ ಹರಿತಾನ್‌ನಲ್ಲಿ ಇನ್ನೊಂದು. ಈ ತಾರೀಕುಗಳನ್ನು ಮೊದಲೇ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಆಮೇಲೆ ಅಜ್ಜಿ ಹೇಳುತ್ತಿದ್ದ ಕಥೆಗಳನ್ನು ಪಕ್ಕದಲ್ಲಿ ಇಟ್ಟು ನೋಡಿ. ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ತರ ಬರೆದಿರುತ್ತಾರೆ, ಅದಕ್ಕೆ ನಾಲ್ಕೈದು ಸ್ಪೆಲಿಂಗ್ ಹಾಕಿ ನೋಡಿ.