ಬೇಸಿಗೆಗೆ ಯಾವ ಗೇಮ್? ಕಲಬುರಗಿ ಮಂದಿಗೆ ನನ್ನ ಸಲಹೆ
ನಮ್ಮ ಕಲಬುರಗಿ ಬಿಸಿಲಿಗೆ ಫೋನ್ ಮೊದಲೇ ಕಾದ ಹೆಂಚು, ಅದರಲ್ಲಿ ಚಾರ್ಜಿಗೆ ಹಾಕಿಕೊಂಡೇ ಬಿಜಿಎಂಐ (ಪಬ್‌ಜಿಯ ಭಾರತದ ಆವೃತ್ತಿ, ಗುಂಡು ಹಾರಿಸೋ ಮೊಬೈಲ್ ಗೇಮ್) ಆಡಿದರೆ ಹ್ಯಾಂಗ್ ಆಗದೆ ಇನ್ನೇನು? ಗ್ರಾಫಿಕ್ಸ್ ಸ್ಮೂತ್‌ಗೆ ಇಳಿಸಿ, ಚಾರ್ಜರ್ ತೆಗೆದು ಆಡಿ. ಸುಮ್ನೆ ಎಚ್‌ಡಿಆರ್ (ಫೋನಿಗೆ ಹೊರೆಯಾಗೋ ಮೇಲಿನ ಗ್ರಾಫಿಕ್ಸ್ ಸೆಟ್ಟಿಂಗ್) ಶೋಕಿ ಬೇಡ.

ನನ್ನನ್ನು ಕೇಳಿದರೆ ಮಧ್ಯಾಹ್ನಕ್ಕೆ ಸ್ಟಾರ್‌ಡ್ಯೂ ವ್ಯಾಲಿನೇ ಸರಿ. 2016ರಲ್ಲಿ ಬಂದದ್ದು, ಒಬ್ಬನೇ ಕೂತು ಮಾಡಿದ ಗೇಮ್, ನೆಟ್ ಬೇಕಿಲ್ಲ, ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ, ಹೊಲ ಮಾಡೋದು ಮೀನು ಹಿಡಿಯೋದು ಅಂತ ಹೊತ್ತು ಹೋಗಿದ್ದೇ ಗೊತ್ತಾಗಲ್ಲ. ಆದರೆ ಕಂಪ್ಯೂಟರಿನಲ್ಲಿ ನಮ್ಮ ಪಾತ್ರ ಮಲಗಿದಾಗ ಮಾತ್ರ ಸೇವ್ ಆಗುತ್ತದೆ. ನಡುವೆ ಕರೆಂಟ್ ಹೋದರೆ ಆ ದಿನದ ದುಡಿಮೆ ಪೂರ್ತಿ ಹೋಯಿತು! ಯುಪಿಎಸ್ ಇಲ್ಲದವರು ಆಟದೊಳಗೆ ಬೇಗ ಮಲಗಿಬಿಡಿ.

ಹಾಲೋ ನೈಟ್ ಅನ್ನೋ ಸಾಹಸದ ಗೇಮ್ ಕೂಡ ಚಂದ, ಆದರೆ ಬಲು ಕಷ್ಟ, ಸಿಟ್ಟು ಜಾಸ್ತಿ ಇರುವವರು ಮುಟ್ಟಬೇಡಿ.